‘ಅದಿರಲಿ’ ಅಂದಿರಲ್ಲ, ವಿಷಯ ಇರುವುದೇ ಅಲ್ಲಿ

ಈ ವಾರ ಮೂರು ಪತ್ರಗಳಿಗೆ ಉತ್ತರ ಬರೆಯೋಣ ಅಂತ ಕೂತಿದ್ದೆ. ಮೊದಲನೆಯದನ್ನು ಓದಿ ಮುಗಿಸಿದ ಮೇಲೆ ಉಳಿದೆರಡನ್ನು ಮುಟ್ಟಲು ಮನಸ್ಸೇ ಬರಲಿಲ್ಲ. ಅತ್ತೆಯ ಬಗ್ಗೆ ಬರೆದವರೇ, ಹಳೆಯ ಗೆಳೆಯನ ಬಗ್ಗೆ ಬರೆದವರೇ, ಒಂದು ವಾರ ತಡೆದುಕೊಳ್ಳಿ.

ಪತ್ರ ಬರೆದವರು ಮಕ್ಕಳ ಚಿತ್ರಪುಸ್ತಕಗಳ ಕಲಾವಿದೆ. 14 ವರ್ಷದಿಂದ ಇದೇ ಕೆಲಸ. ಹೆಸರು ಬೇಡ ಅಂದಿದ್ದಾರೆ, ಸರಿ. ಕಥೆ ಇಷ್ಟು. 32 ಪುಟದ ಒಂದು ಪುಸ್ತಕ ಒಪ್ಪಿಕೊಂಡರು. ಸಂಪಾದಕಿ ಕೊಟ್ಟ ಸಮಯ ಮೂರು ವಾರ. ಅರ್ಧ ದಾರಿಯಲ್ಲಿ ಬಲಗೈ ಮಣಿಕಟ್ಟು ಕೈಕೊಟ್ಟಿತು, ಪೆನ್ಸಿಲ್ ಹಿಡಿದರೆ ಮೊಣಕೈ ತನಕ ಸೆಳೆತ. ಇನ್ನೊಂದು ವಾರ ಕೊಡಿ ಅಂತ ಕೇಳಿದರು, ಸಿಗಲಿಲ್ಲ. ಆಗ ಎಐ ಕಡೆ ತಿರುಗಿದರು. ತಮ್ಮ ಹಳೆಯ ಪುಸ್ತಕಗಳಿಂದ 40 ಪುಟಗಳನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದರು, ಯಂತ್ರಕ್ಕೆ ತಮ್ಮ ಶೈಲಿ ಕಲಿಸಿದರು, ಉಳಿದ ಪುಟಗಳನ್ನು ಅದರಿಂದಲೇ ಮಾಡಿಸಿ ಅಲ್ಲಲ್ಲಿ ತಿದ್ದಿ ಕೊಟ್ಟರು. ಪುಸ್ತಕ ಬಂತು, ಜನ ಮೆಚ್ಚಿದರು. ಈಗ ಒಂದು ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದೆ. ತೀರ್ಪುಗಾರರು ವಿಶೇಷವಾಗಿ ಹೊಗಳಿರುವುದು 12ನೇ ಪುಟವನ್ನು, ಮಳೆಯಲ್ಲಿ ಮಗು ನಿಂತಿರುವ ಪುಟ. ಅದು ಪೂರ್ತಿ ಯಂತ್ರದ್ದು. ಇವರು ತಿದ್ದಿದ್ದು ಕೊಡೆಯ ಹಿಡಿಯನ್ನು ಮಾತ್ರ.

ಈಗ ನಿದ್ದೆ ಇಲ್ಲ. ಪ್ರಶ್ನೆ ಮೂರು. ನಾನು ಮೋಸ ಮಾಡಿದೆನಾ? ಯಾರಿಗಾದರೂ ಹೇಳಬೇಕಾ? ನಾನು ಇನ್ನೂ ಕಲಾವಿದೆ ಹೌದಾ ಅಲ್ವಾ?

ಕೊನೆಯ ಪ್ರಶ್ನೆಗೆ ನೀವು ಒಂದೂವರೆ ಪುಟ ಕೊಟ್ಟಿದ್ದೀರಿ. ನನಗೆ ಅದರಲ್ಲಿ ಆಸಕ್ತಿ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. 14 ವರ್ಷ ಕೂತು ಬರೆದವರು ಕಲಾವಿದೆಯೇ, ಮೂರು ವಾರ ಅದನ್ನು ಅಳಿಸುವುದಿಲ್ಲ. ನೋವಿರುವ ಕೈಯಿಂದ ಬರೆಯಲಾಗದೆ ಬೇರೆ ದಾರಿ ಹುಡುಕಿದ್ದಕ್ಕೆ ನಿಮ್ಮನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಡಾಕ್ಟರಿಗೆ ಕೈ ತೋರಿಸಿದ್ದೀರಾ ಅನ್ನೋದನ್ನೂ ನೀವು ಬರೆದಿಲ್ಲ. ತೋರಿಸಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಪತ್ರದ ಮೂರನೇ ಪುಟದ ಮಧ್ಯದ ನಾಲ್ಕು ಚಿಕ್ಕ ವಾಕ್ಯ. ‘ಮೊದಲೆಲ್ಲಾ ಬಣ್ಣ ತುಂಬಲು ಒಬ್ಬ ಹುಡುಗಿ ಬರುತ್ತಿದ್ದಳು. ಆರು ವರ್ಷ ಜೊತೆಗಿದ್ದಳು. ಈ ಪುಸ್ತಕಕ್ಕೆ ಅವಳನ್ನು ಕರೆಯಲಿಲ್ಲ. ಅದಿರಲಿ.’

ಅದಿರಲಿ ಅಂದುಬಿಟ್ಟಿರಿ. ನಾನು ಅಲ್ಲಿಂದ ಹಿಂದಕ್ಕೆ ಹೋಗಿ ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಎರಡನೇ ಪುಟದಲ್ಲಿ, ನಿಮ್ಮ ಶೈಲಿ ಹೇಗೆ ಬೆಳೆಯಿತು ಅಂತ ಹೇಳುವಾಗ, ಅವಳ ಬಗ್ಗೆ ಇನ್ನೊಂದು ಮಾತಿದೆ. ಗೆರೆಯ ತನಕ ಬಣ್ಣ ತುಂಬದೆ ಕೂದಲೆಳೆಯಷ್ಟು ಬಿಳಿ ಜಾಗ ಬಿಡುವುದು ಅವಳ ಅಭ್ಯಾಸ, ಎಷ್ಟು ಬೈದರೂ ಬಿಡಲಿಲ್ಲ, ಕೊನೆಗೆ ನೀವೇ ಸುಮ್ಮನಾದಿರಿ ಅಂತ. ಐದನೇ ಪುಟದಲ್ಲಿ ತೀರ್ಪುಗಾರರ ಟಿಪ್ಪಣಿಯನ್ನು ಹಾಗೆಯೇ ಇಳಿಸಿದ್ದೀರಿ. ಗೆರೆಗೂ ಬಣ್ಣಕ್ಕೂ ನಡುವೆ ಬಿಟ್ಟ ಆ ತೆಳು ಬಿಳುಪಿನಿಂದಲೇ ಇಡೀ ಪುಟ ಒದ್ದೆಯಾಗಿ ಹೊಳೆಯುತ್ತದೆ ಅಂತ ಅವರು ಬರೆದಿದ್ದಾರೆ. ಅದರ ಕೆಳಗೆ ನಿಮ್ಮ ಮಾತು: ‘ಅದನ್ನು ನಾನು ಕೇಳಿರಲಿಲ್ಲ, ತಾನಾಗಿಯೇ ಬಂತು.’

ತಾನಾಗಿಯೇ ಬಂತಾ?

ಈ ಯಂತ್ರಗಳಲ್ಲಿ ತಾನಾಗಿ ಬರುವುದು ಅಂತ ಏನೂ ಇಲ್ಲ. ಅದು ಶುರು ಮಾಡುವುದು ಬರೀ ಚುಕ್ಕಿಗಳ ಗದ್ದಲದಿಂದ, ಹೆಜ್ಜೆ ಹೆಜ್ಜೆಗೂ ಗದ್ದಲ ತೆಗೆಯುತ್ತಾ ಚಿತ್ರದ ಕಡೆ ಬರುತ್ತದೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಅಂತ ಅದಕ್ಕೆ ತಿಳಿಯುವುದು ಮೊದಲು ನೋಡಿದ ಚಿತ್ರಗಳಿಂದ. ನೀವು ಕೊಟ್ಟ 40 ಪುಟಗಳಲ್ಲಿ ಮತ್ತೆ ಮತ್ತೆ ಕಂಡಿದ್ದು ಏನೋ ಅದೇ ಅದಕ್ಕೆ ಶೈಲಿ. ಇದು ಗುಣ, ಇದು ದೋಷ, ಇದನ್ನು ಅಕ್ಕ ಬೈಯುತ್ತಿದ್ದರು ಅನ್ನೋದೆಲ್ಲಾ ಅದಕ್ಕೆ ಗೊತ್ತಿಲ್ಲ. ನೀವು ತಪ್ಪು ಅಂದುಕೊಂಡು ಆರು ವರ್ಷ ಬೈದದ್ದನ್ನು ಅದು ನಿಮ್ಮ ಶೈಲಿ ಅಂತ ಕಲಿಯಿತು, ತೀರ್ಪುಗಾರರು ಅದನ್ನೇ ಹೊಗಳಿದರು. ಹೊಗಳಿಕೆ ಯಾರಿಗೆ ಸೇರಬೇಕು ಅಂತ ನಿಮಗೂ ಗೊತ್ತು. ಗೊತ್ತಿಲ್ಲದಿದ್ದರೆ ನಿದ್ದೆ ಹೋಗುತ್ತಿರಲಿಲ್ಲ.

ನೀವು ಎರಡು ಸಲ ಬರೆದಿದ್ದೀರಿ, ‘ನಾನು ಬೇರೆಯವರದ್ದು ಏನನ್ನೂ ಕದ್ದಿಲ್ಲ, ನನ್ನದೇ ಚಿತ್ರ ಕೊಟ್ಟಿದ್ದೇನೆ, ಪ್ರಾಂಪ್ಟ್‌ನಲ್ಲಿ ಯಾವ ಕಲಾವಿದರ ಹೆಸರನ್ನೂ ಹಾಕಿಲ್ಲ’ ಅಂತ. (ಪ್ರಾಂಪ್ಟ್ ಅಂದರೆ ಯಂತ್ರಕ್ಕೆ ಬರೆದು ಕೊಡುವ ಸೂಚನೆ.) ಈ ಮಾತು ಈಗ ನಮ್ಮ ಕಲಾವಿದರ ನಡುವೆ ಓಡಾಡುತ್ತಿರುವ ಸಮಾಧಾನ, ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಅರ್ಧ ನಿಜ. ಬೇರೆಯವರ ಹೆಸರು ಹಾಕಿ ಮಾಡಿಸುವುದಕ್ಕಿಂತ ಇದು ಸಾವಿರ ಪಾಲು ವಾಸಿ, ಒಪ್ಪುತ್ತೇನೆ. ಆದರೆ ನಿಮ್ಮ 40 ಪುಟ ನೋಡಿದ ಮಾತ್ರಕ್ಕೆ ಯಾವ ಯಂತ್ರಕ್ಕೂ ಕೊಡೆ ಅಂದರೇನು, ಮಗು ಅಂದರೇನು ಅಂತ ತಿಳಿಯುವುದಿಲ್ಲ. ಅದರ ಕೆಳಗೆ ಇನ್ನೊಂದು ದೊಡ್ಡ ಮಾದರಿ, ಅಂದರೆ ಲೆಕ್ಕವಿಲ್ಲದಷ್ಟು ಚಿತ್ರ ನೋಡಿ ಮೊದಲೇ ಕಲಿತ ಎಐ, ಇರುತ್ತದೆ. 2022ರ ಆಗಸ್ಟ್‌ನಲ್ಲಿ ಎಲ್ಲರ ಕೈಗೆ ಸಿಕ್ಕ ಸ್ಟೇಬಲ್ ಡಿಫ್ಯೂಷನ್ ಅನ್ನುವ ಅಂಥ ಮಾದರಿ ಕಲಿತಿದ್ದು ಲಾಯಾನ್-5ಬಿ ಅನ್ನುವ ಸಂಗ್ರಹದ ಭಾಗಗಳಿಂದ. ಆ ಸಂಗ್ರಹದಲ್ಲಿದ್ದದ್ದು ಸುಮಾರು 585 ಕೋಟಿ ಚಿತ್ರಗಳ ಕೊಂಡಿ, ಜೊತೆಗೆ ಅವುಗಳ ವಿವರಣೆ, ಎಲ್ಲವೂ ಇಂಟರ್ನೆಟ್ಟಿನಿಂದ ಬಾಚಿದ್ದು. ಬರೆದವರನ್ನು ಯಾರೂ ಕೇಳಿರಲಿಲ್ಲ. ಕಲಾವಿದರು 2023ರ ಜನವರಿಯಲ್ಲೇ ಕೋರ್ಟಿಗೆ ಹೋದರು. ನೀವು ಬಳಸಿದ ಸಾಧನದ ಕೆಳಗೆ ಯಾವ ಮಾದರಿ ಇದೆ ಅಂತ ನೀವು ಬರೆದಿಲ್ಲ, ನೋಡಿದ್ದೀರಾ ಅನ್ನೋದೂ ಅನುಮಾನ. ಮುಂದಿನ ಸಲ ನೋಡಿ. ಹಾಗೆಯೇ, ಆ ಹಳೆಯ ಪುಸ್ತಕಗಳ ಹಕ್ಕು ನಿಮ್ಮ ಬಳಿಯೇ ಇದೆಯಾ, ಪ್ರಕಾಶಕರ ಬಳಿ ಇದೆಯಾ ಅಂತಲೂ ಒಮ್ಮೆ ಹಳೆಯ ಕಾಗದ ತೆಗೆದು ನೋಡಿ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಗ್ರೆಗ್ ರುಟ್ಕೋವ್‌ಸ್ಕಿ ಅಂತ ಪೋಲೆಂಡಿನ ಒಬ್ಬ ಕಲಾವಿದರಿದ್ದಾರೆ. ಡ್ರ್ಯಾಗನ್, ಕೋಟೆ, ಯುದ್ಧ, ಹೊಗೆಯಂಥ ಬೆಳಕು, ಅಂಥ ಚಿತ್ರಗಳು. 2022ರಲ್ಲಿ ಲೆಕ್ಕವಿಲ್ಲದಷ್ಟು ಜನ ತಮ್ಮ ಪ್ರಾಂಪ್ಟ್‌ನ ಕೊನೆಯಲ್ಲಿ ಅವರ ಹೆಸರು ಸೇರಿಸತೊಡಗಿದರು. ತಮ್ಮ ಹೆಸರು ಹುಡುಕಿದರೆ ತಾವು ಬರೆಯದ ಚಿತ್ರಗಳೇ ಎದುರಾಗುವ ಸ್ಥಿತಿ ಅವರದ್ದಾಯಿತು. ಅನ್ಯಾಯ, ದೊಡ್ಡ ಅನ್ಯಾಯ. ಆದರೂ ಅವರಿಗೆ ಗಟ್ಟಿಯಾಗಿ ದೂರಲು ಒಂದು ಹೆಸರಿತ್ತು. ನಿಮ್ಮ ಹುಡುಗಿಯ ಹೆಸರನ್ನು ಯಾರೂ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡುವುದಿಲ್ಲ, ಯಾಕೆಂದರೆ ಅದು ಎಲ್ಲೂ ಅಚ್ಚಾಗಿಲ್ಲ. ಸಹಾಯಕರ ಹೆಸರು ಹಾಕುವ ಪದ್ಧತಿ ನಮ್ಮ ಕೆಲಸದಲ್ಲಿ ಇಲ್ಲ ಅಂತ ನೀವೇ ಬರೆದಿದ್ದೀರಿ. ಪದ್ಧತಿ! ಆರು ವರ್ಷ, ಅಷ್ಟೊಂದು ಪುಸ್ತಕ, ಒಂದರಲ್ಲೂ ಒಂದು ಸಾಲು ಇಲ್ಲ. ಹಾಗಾಗಿ ನೀವು ಅವಳ ಕೆಲಸವನ್ನು ‘ನನ್ನದೇ ಚಿತ್ರ’ ಅಂತ ಅಪ್‌ಲೋಡ್ ಮಾಡುವಾಗ ನಿಮ್ಮ ಕೈ ಒಂದು ಕ್ಷಣವೂ ತಡೆಯಲಿಲ್ಲ. ಯಂತ್ರ ಬಂದದ್ದು ಈಗ. ಅವಳನ್ನು ನೀವು ಮರೆತದ್ದು ಅದಕ್ಕಿಂತ ಬಹಳ ಮೊದಲು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹುಚ್ಚು ಗೊತ್ತು. ಪುಸ್ತಕ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಹೆಸರುಗಳ ಪುಟ. ಯಾರು ಬರೆದರು, ಯಾರು ತಿದ್ದಿದರು, ಯಾರು ಅಕ್ಷರ ಜೋಡಿಸಿದರು. ನನಗೆ ಈ ಹುಚ್ಚು ಹತ್ತಿದ್ದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಾಡಿದ ಒಂದು ಅನುವಾದ, ನಾಲ್ಕು ತಿಂಗಳ ಕೆಲಸ, ನನ್ನ ಹಿರಿಯರೊಬ್ಬರ ಹೆಸರಿನಲ್ಲಿ ಬಂತು. ನಾನು ಕೇಳಿದ್ದಕ್ಕೆ ‘ನೀನು ಸಹಾಯ ಮಾಡಿದೆ, ನಿಜ’ ಅಂದರು. ಆ ‘ಸಹಾಯ’ ಅನ್ನುವ ಪದ ಇವತ್ತಿಗೂ ನನಗೆ ಕಚ್ಚುತ್ತದೆ. ಆದ್ದರಿಂದ ಈ ವಿಷಯದಲ್ಲಿ ನಾನು ನ್ಯಾಯಾಧೀಶರ ಹಾಗೆ ಮಾತಾಡುತ್ತೇನೆ ಅಂತ ನಿರೀಕ್ಷಿಸಬೇಡಿ. ನಾನು ಆ ಹುಡುಗಿಯ ಕಡೆ.

ಅಂದಮಾತ್ರಕ್ಕೆ ಎಲ್ಲಾ ತಪ್ಪನ್ನೂ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ನಿಮ್ಮ ಸಂಪಾದಕಿ ಮಹಾ ಜಾಣೆ. 32 ಪುಟಕ್ಕೆ ಮೂರು ವಾರ ಕೊಟ್ಟವರು ಅವರು. ಕೈ ನೋವು ಅಂದಾಗ ‘ಹೇಗೆ ಮಾಡುತ್ತೀರೋ ನನಗೆ ಹೇಳಬೇಡಿ, ಸೋಮವಾರ ಬರಲಿ’ ಅಂದವರೂ ಅವರೇ. ಇದನ್ನು ನೀವು ಅವರ ಒಳ್ಳೆಯತನ ಅನ್ನುವ ಹಾಗೆ ಬರೆದಿದ್ದೀರಿ! ಎಲ್ಲಾ ಚಿತ್ರಗಳೂ ಕಲಾವಿದರದ್ದೇ ಸ್ವಂತ ಕೃತಿ ಅನ್ನುವ ಷರತ್ತಿಗೆ ನಿಮ್ಮಿಂದ ಸಹಿ ಹಾಕಿಸಿಕೊಂಡು, ಆ ಷರತ್ತು ಮುರಿಯದೆ ಮುಗಿಸಲಾಗದಷ್ಟು ಸಮಯ ಕೊಟ್ಟು, ಆಮೇಲೆ ಕಿವಿ ಮುಚ್ಚಿಕೊಳ್ಳುವುದು. ನಾಳೆ ಗಲಾಟೆಯಾದರೆ ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದರು ಅಂತ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹೇಳುವ ಹೊಣೆ ಎರಡೂ ಕಡೆಯದು. 2023ರಲ್ಲಿ ಅಮೆರಿಕದ ಚಿತ್ರಕಥೆಗಾರರು 148 ದಿನ ಮುಷ್ಕರ ಮಾಡಿ ಪಡೆದ ಒಪ್ಪಂದ ಇದಕ್ಕೆ ಒಳ್ಳೆಯ ಉದಾಹರಣೆ. ಕಂಪನಿ ಒಪ್ಪಿದರೆ ಬರಹಗಾರ ಎಐ ಬಳಸಬಹುದು, ಬಳಸಲೇಬೇಕು ಅಂತ ಕಂಪನಿ ಒತ್ತಾಯ ಮಾಡುವಂತಿಲ್ಲ. ಕಂಪನಿ ಬರಹಗಾರನ ಕೈಗೆ ಕೊಡುವ ಸಾಮಗ್ರಿಯಲ್ಲಿ ಎಐ ಬರೆದದ್ದಿದ್ದರೆ ಅದನ್ನು ಮೊದಲೇ ಹೇಳಬೇಕು. ‘ನನಗೆ ಹೇಳಬೇಡಿ’ ಅನ್ನುವವರಿಗೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಸಂಪಾದಕಿಯಂಥವರ ಜೊತೆ ಮುಂದಿನ ಪುಸ್ತಕ ಒಪ್ಪಿಕೊಳ್ಳುವ ಮೊದಲು ಇಂಥದ್ದೊಂದು ಸಾಲನ್ನು ನೀವೇ ಬರೆದು ಕಳಿಸಿ, ಏನನ್ನುತ್ತಾರೆ ನೋಡೋಣ.

ಅವರಿಗೂ ನೀವು ಹೇಳಲೇಬೇಕು, ಅದರಲ್ಲಿ ಅನುಮಾನ ಇಲ್ಲ. ಪಾಪಪ್ರಜ್ಞೆಗಾಗಿ ಅಲ್ಲ, ಲೆಕ್ಕಕ್ಕಾಗಿ. ನೀವು ಚಿತ್ರಗಳ ಹಕ್ಕು ಮಾರಿದ್ದೀರಿ. ಯಂತ್ರ ಮಾಡಿದ ಚಿತ್ರದ ಮೇಲೆ ಅಂಥ ಹಕ್ಕು ಇದೆಯಾ ಅನ್ನೋದೇ ಈಗಿನ ಪ್ರಶ್ನೆ. ದೇಶದಿಂದ ದೇಶಕ್ಕೆ ಉತ್ತರ ಬೇರೆ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರವರಿಯಲ್ಲಿ ಒಂದು ಕಾಮಿಕ್ ಪುಸ್ತಕದ ವಿಷಯದಲ್ಲಿ ಹೇಳಿದ್ದು ಹೀಗೆ. ಬರಹಕ್ಕೆ, ಪುಟಗಳ ಜೋಡಣೆಗೆ ರಕ್ಷಣೆ ಉಂಟು, ಮಿಡ್‌ಜರ್ನಿ ಅನ್ನುವ ಎಐ ಮಾಡಿದ ಒಂದೊಂದು ಚಿತ್ರಕ್ಕೂ ಇಲ್ಲ. ಪ್ರಾಂಪ್ಟ್ ಬರೆದ ಮಾತ್ರಕ್ಕೆ ಕರ್ತೃ ಆಗುವುದಿಲ್ಲ ಅಂತ 2025ರ ಜನವರಿಯ ವರದಿಯಲ್ಲಿ ಅದೇ ಕಚೇರಿ ಮತ್ತೆ ಹೇಳಿತು. ಕೊಡೆಯ ಹಿಡಿ ತಿದ್ದಿದ್ದೇನೆ ಅಂತ ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಅಮೆಜಾನ್‌ನಲ್ಲಿ ಸ್ವಂತವಾಗಿ ಪುಸ್ತಕ ಪ್ರಕಟಿಸುವವರನ್ನು 2023ರ ಸೆಪ್ಟೆಂಬರ್‌ನಿಂದ ಪುಸ್ತಕದಲ್ಲಿ ಯಂತ್ರ ಮಾಡಿದ್ದು ಇದೆಯಾ ಅಂತ ಕೇಳುತ್ತಾರೆ. ಮೊದಲು ಯಂತ್ರ ಮಾಡಿದ್ದಾದರೆ, ಆಮೇಲೆ ಎಷ್ಟು ತಿದ್ದಿದರೂ ಅದು ಯಂತ್ರದ್ದೇ ಅನ್ನೋದು ಅವರ ಲೆಕ್ಕ. ನನಗೆ ಅದು ಸ್ವಲ್ಪ ಜಾಸ್ತಿ ಬಿಗಿ ಅನಿಸುತ್ತದೆ, ತಿದ್ದುವುದರಲ್ಲೂ ಎಷ್ಟೋ ತರ ಇದೆ. ಆದರೆ ಒಂದು ಹಿಡಿಗೆ ಯಾವ ಲೆಕ್ಕದಲ್ಲೂ ಜಾಗ ಸಿಗುವುದಿಲ್ಲ, ಬಿಡಿ.

ಪ್ರಶಸ್ತಿಯ ಬಗ್ಗೆ ನೀವು ಬರೆದದ್ದು ನೋಡಿ ನಗು ಬಂತು. ‘ಅಷ್ಟು ದೊಡ್ಡ ತೀರ್ಪುಗಾರರಿಗೇ ಗೊತ್ತಾಗಲಿಲ್ಲ.’ ಅವರಿಗೆ ಹೇಗೆ ಗೊತ್ತಾಗಬೇಕು? ಬೋರಿಸ್ ಎಲ್ಡಾಗ್ಸೆನ್ ಅನ್ನುವ ಜರ್ಮನ್ ಕಲಾವಿದ 2023ರಲ್ಲಿ ಬೇಕಂತಲೇ ಎಐ ಚಿತ್ರವೊಂದನ್ನು ಸೋನಿ ಫೋಟೋಗ್ರಫಿ ಸ್ಪರ್ಧೆಗೆ ಕಳಿಸಿದರು, ಬಹುಮಾನವೂ ಬಂತು, ಇದು ಫೋಟೋ ಅಲ್ಲ ಅಂತ ಹೇಳಿ ತಿರುಗಿಸಿದರು. ಮರುವರ್ಷ ಮೈಲ್ಸ್ ಆಸ್ಟ್ರೇ ಅನ್ನುವ ಫೋಟೋಗ್ರಾಫರ್ ಇದರ ಉಲ್ಟಾ ಮಾಡಿದರು. ತಲೆ ಕಾಣದ ಹಾಗೆ ನಿಂತ ನಿಜವಾದ ರಾಜಹಂಸದ ಫೋಟೋವನ್ನು ಬೇರೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿ ಗೆದ್ದರು, ನಿಜ ಹೇಳಿದ ಮೇಲೆ ಅನರ್ಹರಾದರು. ಎರಡೂ ಕಡೆ ಕಣ್ಣು ಸೋತಿದೆ. ಎರಡೂ ಸಲ ನಿಜ ಹೊರಬಂದದ್ದು ಮಾಡಿದವರ ಬಾಯಿಂದಲೇ. ನಿಮ್ಮ ಪುಟದ ವಿಷಯದಲ್ಲೂ ಬೇರೆ ದಾರಿ ಇಲ್ಲ.

ಬೇರೆ ದಾರಿ ಇಲ್ಲ ಅಂದೆನಾ? ಒಬ್ಬಳಿಗೆ ಮಾತ್ರ ನೋಡಿದ ಕೂಡಲೇ ಗೊತ್ತಾಗಿದೆ. ಪತ್ರದ ಕೊನೆಗೆ, ಸಹಿ ಹಾಕಿದ ಮೇಲೆ, ಚಿಕ್ಕ ಅಕ್ಷರದಲ್ಲಿ ನೀವು ಸೇರಿಸಿದ್ದೀರಿ. ಅವಳು ಮೆಸೇಜ್ ಕಳಿಸಿದ್ದಳು, ‘ಅಕ್ಕಾ, ಪುಸ್ತಕ ನೋಡಿದೆ. ಮಳೆ ಪುಟ ನಾನೇ ಮಾಡಿದ ಹಾಗಿದೆ’ ಅಂತ. ನೀವು ಒಂದು ನಗುವಿನ ಗುರುತು ಕಳಿಸಿ ಸುಮ್ಮನಾದಿರಿ.

ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಅವಳು ಹೊಗಳಿದಳಾ, ಕೇಳಿದಳಾ, ಚುಚ್ಚಿದಳಾ? ಪ್ರಶ್ನೆ ಹಾಕದೆ ಪ್ರಶ್ನೆ ಕೇಳಿದ್ದಾಳೆ ಅಂತ ನನಗನಿಸುತ್ತದೆ. ಮರ್ಯಾದೆ ಬಿಡದ ಹುಡುಗಿ. ನಗುವಿನ ಗುರುತು ನೋಡಿದ ಮೇಲೆ ಅವಳು ಏನಂದುಕೊಂಡಳೋ ಅದನ್ನು ನಾನು ಊಹಿಸಲು ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನೀವು ಸಂಪಾದಕಿ, ಪ್ರಶಸ್ತಿ ಸಮಿತಿ, ಓದುಗರು, ಲೇಖಕರು ಅಂತ ಉದ್ದನೆಯ ಪಟ್ಟಿ ಮಾಡಿ, ಯಾರಿಗೆ ಮೊದಲು ಹೇಳಲಿ ಅಂತ ಕೇಳಿದ್ದೀರಿ. ಆ ಪಟ್ಟಿಯಲ್ಲಿ ಅವಳೇ ಇಲ್ಲ. ನನ್ನದು ಒಂದೇ ಮಾತು. ಮೊದಲು ಅವಳಿಗೆ ಫೋನ್ ಮಾಡಿ. ಉಳಿದವರೆಲ್ಲಾ ಆಮೇಲೆ.

ಮೆಸೇಜ್ ಬೇಡ, ಫೋನ್. ಶುರುವಿಗೇ ಕ್ಷಮೆ ಕೇಳಬೇಡಿ, ನೀವು ಅತ್ತುಬಿಟ್ಟರೆ ಅವಳು ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ, ಪಾಪ. ನಡೆದದ್ದನ್ನು ನೇರವಾಗಿ ಹೇಳಿ. ಯಾವ 40 ಪುಟ ಕೊಟ್ಟಿರಿ, ಅದರಲ್ಲಿ ಎಷ್ಟಕ್ಕೆ ಅವಳು ಬಣ್ಣ ತುಂಬಿದ್ದಳು, 12ನೇ ಪುಟ ಹೇಗಾಯಿತು, ತೀರ್ಪುಗಾರರು ಏನಂದರು. ತೀರ್ಪುಗಾರರ ಆ ಮಾತನ್ನು ಪೂರ್ತಿ ಓದಿ ಹೇಳಿ, ಅವಳಿಗೆ ಅದು ಸಲ್ಲಬೇಕು. ಆಮೇಲೆ ಕೇಳಿ, ನಿನಗೇನು ಬೇಕು ಅಂತ. ದುಡ್ಡು ಕೇಳಬಹುದು. ಆ ಪುಟಗಳಿಗೆ ಬಣ್ಣ ತುಂಬಲು ಅವಳನ್ನು ಕರೆದಿದ್ದರೆ ಎಷ್ಟು ಕೊಡುತ್ತಿದ್ದಿರೋ ಅಷ್ಟು ಕೊಡಿ, ಚೌಕಾಸಿ ಮಾಡಬೇಡಿ. ಮರುಮುದ್ರಣದಲ್ಲಿ ಹೆಸರು ಕೇಳಬಹುದು. ಹಾಕಿಸಿ. ‘ಇಂತಿಂಥ ಪುಟಗಳನ್ನು ಎಐ ಸಹಾಯದಿಂದ ಮಾಡಲಾಗಿದೆ, ಅದು ಕಲಿತದ್ದು ನಮ್ಮಿಬ್ಬರ ಹಳೆಯ ಚಿತ್ರಗಳಿಂದ’ ಅಂತ ಹೆಸರುಗಳ ಪುಟದಲ್ಲಿ ಒಂದು ಸಾಲು, ಇಬ್ಬರ ಹೆಸರೂ. ನನ್ನ ಚಿತ್ರಗಳನ್ನು ಇನ್ನು ಮುಂದೆ ಯಂತ್ರಕ್ಕೆ ಕೊಡಬೇಡಿ ಅನ್ನಬಹುದು. ಆಗ ನೀವು ಕಲಿಸಿದ ಆ ಶೈಲಿಯ ಫೈಲನ್ನು ಅವಳ ಎದುರಿಗೇ ಅಳಿಸಿ. ಏನೂ ಬೇಡ ಅನ್ನಬಹುದು, ಅದೇ ಎಲ್ಲಕ್ಕಿಂತ ಕಷ್ಟ, ಅದನ್ನೂ ಕೇಳಿಸಿಕೊಳ್ಳಿ.

ಅವಳ ಜೊತೆ ಮಾತಾದ ಮೇಲೆ ಸಂಪಾದಕಿಗೆ, ಸಮಿತಿಗೆ ಏನು ಬರೆಯಬೇಕು ಅನ್ನೋದು ನಿಮಗೆ ತಾನೇ ಹೊಳೆಯುತ್ತದೆ, ಪತ್ರ ನಾಲ್ಕು ಸಾಲು ಮೀರುವುದಿಲ್ಲ. ಪಟ್ಟಿಯಿಂದ ಪುಸ್ತಕ ಹೊರಗೆ ಹೋಗಬಹುದು. ಹೋಗಲಿ.

ಮುಂದೆ ಎಐ ಮುಟ್ಟಲೇಬಾರದಾ ಅಂತಲೂ ಕೇಳಿದ್ದೀರಿ. ಕೈ ನೋಯುವಾಗ ಕಚ್ಚಾ ಚಿತ್ರ ಹಾಕಿ ನೋಡಲು, ಪುಟದಲ್ಲಿ ಏನು ಎಲ್ಲಿ ಕೂರಬೇಕು ಅಂತ ಹತ್ತು ತರ ಯೋಚಿಸಲು ಬಳಸಿ, ಪ್ರಕಾಶಕರಿಗೆ ಮೊದಲೇ ಹೇಳಿ. ಬಣ್ಣಕ್ಕೆ ಆ ಹುಡುಗಿ ಇದ್ದಾಳಲ್ಲ. ಈಗಲೂ ಬರುತ್ತಾಳೋ ಇಲ್ಲವೋ ಅದು ಬೇರೆ ಮಾತು.

ಅಂದಹಾಗೆ, ನಿಮ್ಮ ಪತ್ರವನ್ನು ನಾನು ಯಾವ ಯಂತ್ರಕ್ಕೂ ತೋರಿಸಿಲ್ಲ. ಓದುಗರ ಪತ್ರಗಳನ್ನು ಚಿಕ್ಕದು ಮಾಡಿಕೊಡುತ್ತದೆ ಅಂತ ಗೆಳೆಯರೊಬ್ಬರು ಆಸೆ ತೋರಿಸಿದರು. ಚಿಕ್ಕದು ಮಾಡಿಸಿದ್ದರೆ ಆ ‘ಅದಿರಲಿ’ ಉಳಿಯುತ್ತಿತ್ತಾ ಅಂತ ನನಗೆ ಅನುಮಾನ.

ಇವತ್ತೇ ಮಾಡಿ. ಅವಳು ಎತ್ತದಿದ್ದರೆ ಸಂಜೆ ಇನ್ನೊಮ್ಮೆ ಮಾಡಿ. ಆಮೇಲೆ ನನಗೆ ಬರೆಯಿರಿ, ಅವಳು ಬೈದರೆ ಏನಂತ ಬೈದಳು ಅನ್ನೋದನ್ನೂ ಬಿಡದೆ ಬರೆಯಿರಿ.